ಎಂಜಿನ್ನಿನ ನಿಟ್ಟುಸಿರು

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನ ಗಾದೆ ನಮ್ಮಲ್ಲಿ ಹಳೆಯದು. ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರದ ಪರಿಚಿತರೊಬ್ಬರ ಗಾಡಿಯಲ್ಲಿ ಮಂಗಳೂರಿಗೆ ಹೋಗಿ ಬರುವಾಗ ಆ ಗಾದೆ ಯಂತ್ರವೊಂದರ ವಿಷಯದಲ್ಲಿ ಅಕ್ಷರಶಃ ನಿಜವಾದುದನ್ನು ಕಣ್ಣಾರೆ ಕಂಡೆ. ಅಂದು ಕಂಡದ್ದನ್ನೂ, ಕಂಡ ಮೇಲೆ ಕೇಳಿ ಓದಿ ತಿಳಿದುಕೊಂಡದ್ದನ್ನೂ ಇಂದು ನಿಮ್ಮ ಮುಂದೆ ಇಡುತ್ತೇನೆ.

ಗಾಡಿ ಟರ್ಬೋ ಅಳವಡಿಸಿದ ಡೀಸೆಲ್ ಕಾರು. ಅದಾಗಲೇ ಬಹಳ ದೂರ ಓಡಿದ್ದು, ಬಾಡಿಗೆಗೆ ದುಡಿಯುತ್ತಿದ್ದದ್ದು. ಒಮ್ಮೆ ಯಾರೋ ಅದರ ಗಾಳಿಯ ಕೊಳವೆಯನ್ನು ಬಿಚ್ಚಿದಾಗ ಒಳಗೆಲ್ಲ ಎಣ್ಣೆಯ ಜಿಡ್ಡು ಕಂಡಿತಂತೆ. ಎಂಜಿನ್ನಿನ ಹೊಟ್ಟೆಯಿಂದ ಬರುವ ಬ್ರೀದರ್ ಪೈಪು ಈ ಜಿಡ್ಡನ್ನು ತರುತ್ತಿದೆಯೆಂದು ಹೇಳಿ ಅವರು ಆ ಪೈಪನ್ನು ಅದರ ಜಾಗದಿಂದ ಕಿತ್ತು, ನೆಲದ ಕಡೆಗೆ ಮುಖ ಮಾಡಿ ಕಟ್ಟಿಬಿಟ್ಟರು. ಗಾಳಿಯ ಕೊಳವೆ ಒಣಗಿತು. ಆದರೆ ಅಂಗಳ ಒದ್ದೆಯಾಯಿತು. ರಾತ್ರಿ ನಿಂತ ಗಾಡಿ ಬೆಳಗಾಗುವ ಹೊತ್ತಿಗೆ ರಂಗೋಲಿ ಇಡುವ ಜಾಗದಲ್ಲಿ ನಾಲ್ಕಾರು ಹನಿ ಕರಿಯ ಎಣ್ಣೆ ಸುರಿಸಿರುತ್ತಿತ್ತು. ಮನೆಯಾಕೆ ಒಂದು ತಿಂಗಳು ಸಹಿಸಿದರು. ಆಮೇಲೆ ಸಹಿಸಲಿಲ್ಲ. ಯಜಮಾನರು ಒಂದು ಸಂಜೆ ಮರದ ಬಿರಡೆಯೊಂದನ್ನು ಕೆತ್ತಿ, ಪೈಪಿನ ಬಾಯಿಗೆ ಜಡಿದು, ತಂತಿ ಸುತ್ತಿದರು. ಮರುದಿನ ಅಂಗಳ ಶುಭ್ರವಾಗಿತ್ತು. ಅದಾದ ಎರಡನೆಯ ದಿನವೇ ನಾವು ಮಂಗಳೂರಿಗೆ ಹೊರಟದ್ದು.

ಹೋಗುವಾಗ ಇಳಿಜಾರು, ಯಾರಿಗೂ ಏನೂ ತಿಳಿಯಲಿಲ್ಲ. ಬರುವಾಗ ಗಾಡಿಯ ತುಂಬ ಜನ, ಮೇಲೆ ಸಾಮಾನು. ಗುಂಡ್ಯ ದಾಟಿ ಶಿರಾಡಿಯ ಘಟ್ಟ ಹತ್ತತೊಡಗಿದೆವು. ಕೆಂಪುಹೊಳೆಯ ಆಸುಪಾಸಿನಲ್ಲಿ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಲಾರಿಯವರು ದೀಪ ಬೆಳಗಿಸಿ ಸನ್ನೆ ಮಾಡಿದರು. ತಿರುಗಿ ನೋಡಿದರೆ ನಮ್ಮ ಬೆನ್ನ ಹಿಂದೆ ನೀಲಿಯ ಹೊಗೆಯ ಗೋಡೆ. ನಿಲ್ಲಿಸಿ ಬಾನೆಟ್ ಎತ್ತಿದಾಗ, ಎಣ್ಣೆ ನೋಡುವ ಕಡ್ಡಿ ತನ್ನ ಗೂಡಿನಿಂದ ಗೇಣುದ್ದ ಮೇಲೆದ್ದು ನಿಂತಿತ್ತು. ಅಲ್ಲಿಂದ ಚಿಮ್ಮಿದ ಎಣ್ಣೆ ಕಾದ ಹೊಗೆ ಕೊಳವೆಯ ಮೇಲೆ ಬಿದ್ದು ಬುಸುಗುಡುತ್ತಿತ್ತು. ಬೆಂಕಿ ಹತ್ತದೆ ಉಳಿದದ್ದು ನಮ್ಮ ಪುಣ್ಯ. ಸಕಲೇಶಪುರದಿಂದ ಬಂದ ಮೇಸ್ತ್ರಿ ಗಾಡಿಯ ಕೆಳಗೆ ತೂರಿ, ಬಿರಡೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಎದ್ದುಬಂದರು. "ಯಜಮಾನ್ರೇ, ಇದಕ್ಕೆ ಅಂಥಾ ಕಾಯಿಲೆ ಏನೂ ಇರಲಿಲ್ಲ. ಉಸಿರು ಬಿಡೋಕೆ ಜಾಗ ಇರಲಿಲ್ಲ, ಅಷ್ಟೆ" ಎಂದರು.

ಎಂಜಿನ್ನು ಉಸಿರಾಡುತ್ತದೆಂದು ನಾವು ಕೇಳಿದ್ದೇವೆ. ಗಾಳಿಯನ್ನು ಒಳಗೆಳೆದುಕೊಂಡು, ಇಂಧನದೊಡನೆ ಉರಿಸಿ, ಹೊಗೆಯನ್ನು ಹೊರಗೆ ಬಿಡುತ್ತದೆ. ಇದು ಎಲ್ಲರಿಗೂ ಕಾಣುವ ಉಸಿರು. ಕಾಣದ ಇನ್ನೊಂದು ಉಸಿರು ಉಂಟು. ಸಿಲಿಂಡರಿನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಆಡಬೇಕಾದರೆ ಎರಡರ ನಡುವೆ ಕೂದಲೆಳೆಯಷ್ಟಾದರೂ ಸಂದು ಬೇಕು. ಆ ಸಂದನ್ನು ಮುಚ್ಚಲು ಪಿಸ್ಟನ್ನಿನ ಸುತ್ತ ಉಕ್ಕಿನ ಉಂಗುರಗಳನ್ನು ತೊಡಿಸಿರುತ್ತಾರೆ. ಉಂಗುರ ಎಷ್ಟೇ ಬಿಗಿಯಾಗಿದ್ದರೂ ಅದರ ಎರಡು ತುದಿಗಳು ಕೂಡುವಲ್ಲಿ ಬಿರುಕು ಇದ್ದೇ ಇರುತ್ತದೆ; ಕಾದಾಗ ಹಿಗ್ಗಲು ಅದಕ್ಕೆ ಎಡೆ ಬೇಕಲ್ಲ! ಮೇಲೆ ಇಂಧನ ಸಿಡಿದು ಉರಿದಾಗ ಆ ಒತ್ತಡದ ಅನಿಲ ಸ್ವಲ್ಪ ಸ್ವಲ್ಪವಾಗಿ ಉಂಗುರಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್ ಕೇಸಿಗೆ, ಎಂದರೆ ಎಂಜಿನ್ನಿನ ಹೊಟ್ಟೆಗೆ, ನುಸುಳುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲೂ ನೂರರಲ್ಲಿ ಒಂದು ಪಾಲಿನಷ್ಟು ಅನಿಲ ಹೀಗೆ ದಾರಿತಪ್ಪುತ್ತದೆ. ನಮ್ಮ ಮೇಸ್ತ್ರಿಗಳು ಇದನ್ನು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ.

ಹೊಟ್ಟೆಯಲ್ಲಿ ಏನಿದೆ? ಬಿಸಿ ಎಣ್ಣೆ ಇದೆ. ಕ್ರ್ಯಾಂಕ್ ಷಾಫ್ಟು ನಿಮಿಷಕ್ಕೆ ಸಾವಿರಾರು ಸಲ ಸುತ್ತುತ್ತ ಆ ಎಣ್ಣೆಯನ್ನು ಕಡೆದು ಮಂಜಾಗಿಸುತ್ತದೆ. ಮೇಲಿನಿಂದ ನುಸುಳಿದ ಅನಿಲ ತನ್ನೊಡನೆ ನೀರಾವಿಯನ್ನೂ, ಉರಿಯದುಳಿದ ಇಂಧನವನ್ನೂ, ಮಸಿಯನ್ನೂ, ಆಮ್ಲದ ಅಂಶವನ್ನೂ ತಂದು ಈ ಮಂಜಿಗೆ ಬೆರೆಸುತ್ತದೆ. ಇದು ಹೊರಗೆ ಹೋಗದಿದ್ದರೆ ಎರಡು ಕೇಡು. ಎಣ್ಣೆ ಕೆಟ್ಟು ಕೆಸರಾಗುತ್ತದೆ. ಒತ್ತಡ ಏರಿ ಎಣ್ಣೆಯೇ ಸಂದುಗೊಂದುಗಳಿಂದ ಹೊರಬೀಳುತ್ತದೆ. ಷಾಫ್ಟಿನ ತುದಿಯಲ್ಲಿ ಕೂರಿಸಿದ ಆಯಿಲ್ ಸೀಲುಗಳು ರಬ್ಬರಿನ ತೆಳು ತುಟಿಗಳು. ಎಣ್ಣೆ ಜಿನುಗದಂತೆ ತಡೆಯುವುದು ಅವುಗಳ ಕೆಲಸವೇ ಹೊರತು, ಒತ್ತಿ ಬರುವ ಗಾಳಿಗೆ ಎದೆಯೊಡ್ಡುವುದಲ್ಲ.

ಬಹುಕಾಲ ಈ ಸಮಸ್ಯೆಗೆ ಇದ್ದ ಪರಿಹಾರ ಸುಲಭದ್ದು. ಹೊಟ್ಟೆಯಿಂದ ಒಂದು ಕೊಳವೆಯನ್ನು ರಸ್ತೆಯ ಕಡೆಗೆ ಇಳಿಬಿಡುವುದು. ಗಾಡಿ ಓಡುವಾಗ ಕೊಳವೆಯ ಬಾಯಿಯ ಬಳಿ ಬೀಸುವ ಗಾಳಿ ಒಳಗಿನ ಹೊಲಸನ್ನು ಹೀರಿ ಹೊರಗೆ ಚೆಲ್ಲುತ್ತಿತ್ತು. ಹಳೆಯ ಕಾರುಗಳು ನಿಂತಲ್ಲೆಲ್ಲ ಹನಿ ಬಿಡುತ್ತಿದ್ದುದರ ಗುಟ್ಟಿನಲ್ಲಿ ಇದರದೂ ಒಂದು ಪಾಲು ಇತ್ತು. ಹನಿಗಿಂತ ದೊಡ್ಡ ಕೇಡು ಕಣ್ಣಿಗೆ ಕಾಣದ ಆವಿಯದು. ಅಮೆರಿಕದ ಲಾಸ್ ಏಂಜಲೀಸ್ ನಗರ ಕಣ್ಣುರಿಸುವ ಹೊಗೆಮಂಜಿನಿಂದ ನರಳುತ್ತಿದ್ದಾಗ, ಅನಾನಸಿನ ಪರಿಮಳದ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ ಆ ಕೆಲಸವನ್ನು ಬದಿಗಿಟ್ಟು ನಗರದ ಗಾಳಿಯನ್ನು ಪರೀಕ್ಷಿಸಿದರು. ವಾಹನಗಳಿಂದ ಹೊರಬರುವ ಇಂಧನದ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಹುಟ್ಟಿಸುತ್ತವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕಾರೊಂದು ಹೊರಬಿಡುವ ಇಂಥ ಆವಿಯಲ್ಲಿ ಸುಮಾರು ಐದನೆಯ ಒಂದು ಭಾಗ ಬಾಲದ ಕೊಳವೆಯದಲ್ಲ, ಹೊಟ್ಟೆಯ ಕೊಳವೆಯದು ಎಂದು ತಿಳಿಯಿತು. 1961ರ ಮಾದರಿಯ ಹೊಸ ಕಾರುಗಳಿಂದ ಮೊದಲುಗೊಂಡು ಕ್ಯಾಲಿಫೋರ್ನಿಯದಲ್ಲಿ ಆ ಕೊಳವೆಯನ್ನು ರಸ್ತೆಯಿಂದ ಎತ್ತಿ ಎಂಜಿನ್ನಿನ ಬಾಯಿಗೇ ತಿರುಗಿಸಿದರು. ವಾಹನದ ಹೊಲಸನ್ನು ತಡೆಯಲು ಕಾರಿನಲ್ಲಿ ಅಳವಡಿಸಿದ ಮೊದಲ ಸಾಧನಗಳಲ್ಲಿ ಇದೂ ಒಂದು.

ಈ ಏರ್ಪಾಡಿನ ಜಾಣತನ ನೋಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಕದ ಅರ್ಧ ಮುಚ್ಚಿರುವಾಗ ಪಿಸ್ಟನ್ನುಗಳು ಎಳೆಯುವ ಎಳೆತದಿಂದ ಒಳದಾರಿಯಲ್ಲಿ ಗಾಳಿಯ ಒತ್ತಡ ಕುಗ್ಗಿ ಬರಿದಾದಂತೆ ಆಗಿರುತ್ತದೆ. ಆ ಬರಿದು ಹೊಟ್ಟೆಯ ಆವಿಯನ್ನು ತಾನಾಗಿ ಹೀರಿಕೊಳ್ಳುತ್ತದೆ. ಎಷ್ಟು ಹೀರಬೇಕೆಂಬುದನ್ನು ಒಂದು ಪುಟ್ಟ ಕವಾಟ ಅಳೆದು ಬಿಡುತ್ತದೆ. ಹೀರಿದ ಆವಿ ಸಿಲಿಂಡರಿನಲ್ಲಿ ಉರಿದುಹೋಗುತ್ತದೆ. ತನ್ನ ಕಸವನ್ನು ತಾನೇ ಸುಡುವ ಮನೆಯಂತೆ.

ಒತ್ತಿ ಗಾಳಿ ತುಂಬುವ ಎಂಜಿನ್ನಿನಲ್ಲಿ ಈ ಸುಲಭದ ಲೆಕ್ಕ ತಲೆಕೆಳಗಾಗುತ್ತದೆ. ಒತ್ತಿ ತುಂಬುವುದು ಏಕೆ? ಹಾಸನದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಗಾಳಿಗಿಂತ ಹಾಸನದ ಗಾಳಿಯ ಒತ್ತಡ ಹೆಚ್ಚು ಕಡಿಮೆ ಹತ್ತನೆಯ ಒಂದು ಪಾಲು ಕಡಿಮೆ. ಒಂದೇ ಸಿಲಿಂಡರಿನಲ್ಲಿ ಅಷ್ಟರಮಟ್ಟಿಗೆ ಗಾಳಿ ಕಡಿಮೆಯಾದರೆ ಎಂಜಿನ್ನಿನ ಕಸುವೂ ಅಷ್ಟರಮಟ್ಟಿಗೆ ಕಡಿಮೆ. ಹೊರಗಿನ ಗಾಳಿಯನ್ನು ತಾನಾಗಿ ಬರಲು ಬಿಡದೆ ಪಂಪಿನಿಂದ ಒತ್ತಿ ತುಂಬಿದರೆ ಈ ಕೊರತೆ ನೀಗುವುದಲ್ಲದೆ, ಚಿಕ್ಕ ಎಂಜಿನ್ನೇ ದೊಡ್ಡದರ ಕೆಲಸ ಮಾಡುತ್ತದೆ. ಅಮೆರಿಕದ ಇಂಡಿಯಾನದಲ್ಲಿ ರೂಟ್ಸ್ ಎಂಬ ಸೋದರರು 1860ರಲ್ಲಿ ಹಕ್ಕುಪತ್ರ ಪಡೆದ ಗಾಳಿಯಂತ್ರ ಕಾರಿಗಾಗಿ ಹುಟ್ಟಿದ್ದಲ್ಲ. ಆದರೆ ಕಾರುಗಳ ಸೂಪರ್‌ಚಾರ್ಜರಿಗೆ ಅದೇ ಮಾದರಿಯಾಯಿತು. ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಪಂಪು ಸೂಪರ್‌ಚಾರ್ಜರ್. ಹೊರಹೋಗುವ ಹೊಗೆಯ ರಭಸದಿಂದ ತಿರುಗುವುದು ಟರ್ಬೋ ಚಾರ್ಜರ್. ಎರಡನೆಯದಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಹಕ್ಕುಪತ್ರ ಪಡೆದರು. ಒಮ್ಮೆ ಪಂದ್ಯದ ಕಾರುಗಳ ಭಾಗ್ಯವಾಗಿದ್ದ ಈ ಸಾಧನ ಇಂದು ಚನ್ನರಾಯಪಟ್ಟಣದ ಹೆದ್ದಾರಿಯ ಬದಿಯಲ್ಲಿ ಐದು ನಿಮಿಷ ನಿಂತರೆ ಹತ್ತಾರು ಸಾಮಾನ್ಯ ಕಾರುಗಳ ಒಡಲಲ್ಲಿ ಸಿಳ್ಳೆ ಹಾಕುತ್ತ ಹಾದುಹೋಗುತ್ತದೆ.

ಗಾಳಿಯನ್ನು ಒತ್ತಿ ತುಂಬಿದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಸಿಲಿಂಡರಿನ ಒತ್ತಡ ಹೆಚ್ಚಿದುದರಿಂದ ಉಂಗುರಗಳನ್ನು ದಾಟಿ ನುಸುಳುವ ಅನಿಲವೂ ಹೆಚ್ಚುತ್ತದೆ. ಅದೇ ಹೊತ್ತಿಗೆ, ಅದನ್ನು ಹೀರಿಕೊಳ್ಳಬೇಕಾಗಿದ್ದ ಒಳದಾರಿಯಲ್ಲಿ ಎಳೆತ ಹೋಗಿ ತಳ್ಳಿಕೆ ಬಂದಿರುತ್ತದೆ. ಹೊಳೆ ತುಂಬಿದಾಗ ಊರಿನ ಚರಂಡಿಗೆ ಹೊಳೆಯ ನೀರೇ ಹಿಂದಕ್ಕೆ ನುಗ್ಗುವಂತೆ, ಒತ್ತಿದ ಗಾಳಿ ಹಳೆಯ ದಾರಿಯಲ್ಲಿ ಎಂಜಿನ್ನಿನ ಹೊಟ್ಟೆಗೇ ನುಗ್ಗಲು ನೋಡುತ್ತದೆ. ಮೂರನೆಯದಾಗಿ, ಟರ್ಬೋ ತನ್ನ ಷಾಫ್ಟಿಗೆ ಬಂದ ಎಣ್ಣೆಯನ್ನು ಅದೇ ಹೊಟ್ಟೆಗೆ ಬಸಿಯಬೇಕು. ಆ ಎಣ್ಣೆ ಬರಿಯ ಇಳಿಜಾರಿನಿಂದ ಇಳಿಯುವಂಥದು, ಯಾವ ಪಂಪೂ ಅದನ್ನು ತಳ್ಳುವುದಿಲ್ಲ. ಹೊಟ್ಟೆಯ ಒತ್ತಡ ಏರಿದರೆ ಅದು ಇಳಿಯದೆ ಟರ್ಬೋವಿನಲ್ಲೇ ನಿಂತು, ಒಂದು ಕಡೆ ಗಾಳಿಯ ದಾರಿಗೂ ಇನ್ನೊಂದು ಕಡೆ ಹೊಗೆಯ ದಾರಿಗೂ ಸೋರುತ್ತದೆ. ಶಿರಾಡಿಯಲ್ಲಿ ನಮ್ಮ ಹಿಂದೆ ಎದ್ದ ನೀಲಿ ಹೊಗೆಯ ಮೂಲ ಇದೇ. ಟರ್ಬೋ ಕೆಟ್ಟಿರಲಿಲ್ಲ, ಅದರ ಎಣ್ಣೆಗೆ ಮನೆಗೆ ಮರಳುವ ದಾರಿ ಮುಚ್ಚಿತ್ತು.

ಆದುದರಿಂದ ಇಂಥ ಪೆಟ್ರೋಲ್ ಎಂಜಿನ್ನುಗಳಿಗೆ ಎರಡು ದಾರಿ ಮಾಡುತ್ತಾರೆ. ಮೆಲ್ಲಗೆ ಓಡುವಾಗ ಆವಿ ಹಳೆಯ ದಾರಿಯಿಂದ ಒಳಕ್ಕೆ ಹೋಗುತ್ತದೆ. ಕಾಲಿಟ್ಟು ತುಳಿದು ಒತ್ತಡ ಏರಿದೊಡನೆ ಆ ದಾರಿಯ ಒಮ್ಮುಖದ ಕವಾಟ ಮುಚ್ಚಿಕೊಂಡು, ಆವಿ ಇನ್ನೊಂದು ಕೊಳವೆಯಲ್ಲಿ ಪಂಪಿನ ಮುಂಬಾಯಿಗೆ, ಎಂದರೆ ಏರ್ ಫಿಲ್ಟರಿಗೂ ಪಂಪಿಗೂ ನಡುವಣ ಜಾಗಕ್ಕೆ ಹೋಗುತ್ತದೆ. ಅಲ್ಲಿ ಪಂಪು ಗಾಳಿಯನ್ನು ಎಳೆಯುವುದರಿಂದ ಮೆಲುವಾದ ಹೀರಿಕೆ ಸದಾ ಉಂಟು. ಡೀಸೆಲ್ಲಿನಲ್ಲಿ ಮೊದಲಿನಿಂದಲೂ ಈ ಎರಡನೆಯ ದಾರಿಯೇ ಮುಖ್ಯ. ಹೀರಿಕೆ ಅತಿಯಾಗದಂತೆ ರಬ್ಬರಿನ ತೆಳು ಪೊರೆಯುಳ್ಳ ಕವಾಟವೊಂದು ಕಾಯುತ್ತದೆ. ಹೊಟ್ಟೆಯ ಒತ್ತಡ ಹೊರಗಿನ ಗಾಳಿಗಿಂತ ಕೂದಲಷ್ಟು ಕಡಿಮೆ ಇರಬೇಕು. ಹೆಚ್ಚಾದರೆ ಸೀಲು ಹೊರಕ್ಕೆ ಸೋರುತ್ತದೆ. ತೀರ ಕಡಿಮೆಯಾದರೆ ಅದೇ ಸೀಲಿನ ಮೂಲಕ ಧೂಳು ಒಳಕ್ಕೆ ಬರುತ್ತದೆ. ಕವಾಟದ ಬೆಲೆ ಎಂಜಿನ್ನಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಆದರೆ ಅದು ಕೆಟ್ಟರೆ ಎಂಜಿನ್ನಿನ ಆಯುಸ್ಸೇ ಲೆಕ್ಕಕ್ಕೆ ಬರುತ್ತದೆ.

ಇಷ್ಟಾದರೂ ನಮ್ಮ ಹೊಳೆನರಸೀಪುರದ ಗಾಡಿಯ ಮೊದಲ ಕೊರಗು ಉಳಿದೇ ಉಳಿಯಿತು. ಆವಿಯೊಡನೆ ಎಣ್ಣೆಯ ಕಣಗಳೂ ಹೋಗುತ್ತವಲ್ಲ! ಕೊರಗು ನಿಜವಾದದ್ದೇ. ಪಂಪು ಒತ್ತಿ ಕಾಯಿಸಿದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಇರುತ್ತದೆ; ಅದರ ಒಳಮೈಗೆ ಎಣ್ಣೆಯ ಪೊರೆ ಕಟ್ಟಿದರೆ ತಣಿವು ಕುಂದುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಎಣ್ಣೆಯ ಮಂಜು ಬೆರೆತ ಗಾಳಿ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವ ಸ್ವಭಾವದ್ದು. ಒತ್ತಿ ತುಂಬಿದ ಎಂಜಿನ್ನು ಆ ಅಪಾಯಕ್ಕೆ ಮೊದಲೇ ಹತ್ತಿರದಲ್ಲಿರುತ್ತದೆ. ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಹೊಸ ಪೆಟ್ರೋಲ್ ಎಂಜಿನ್ನುಗಳಲ್ಲಿ ಒಳಗಾಳಿಯ ವಾಲ್ವುಗಳ ಬೆನ್ನನ್ನು ಪೆಟ್ರೋಲು ತೊಳೆಯುವುದಿಲ್ಲವಾಗಿ ಅಲ್ಲಿ ಎಣ್ಣೆ ಸುಟ್ಟು ಕಿಟ್ಟವಾಗಿ ಅಂಟುತ್ತದೆ.

ಡೀಸೆಲ್ಲಿನಲ್ಲಿ ಇದಕ್ಕಿಂತ ಭಯಂಕರವಾದ ಸಾಧ್ಯತೆಯೊಂದಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಬಿಸಿಗಾಳಿಯಲ್ಲಿ ಉರಿಯುವ ಯಾವ ಎಣ್ಣೆಯೂ ಅದಕ್ಕೆ ಆಹಾರವೇ. ಗಾಳಿಯ ದಾರಿಯಲ್ಲಿ ಎಣ್ಣೆ ಧಾರಾಳವಾಗಿ ಬರತೊಡಗಿದರೆ ಎಂಜಿನ್ನು ತನ್ನ ಎಣ್ಣೆಯನ್ನೇ ತಿಂದು ಓಡುತ್ತದೆ. ಬೀಗದ ಕೈ ತಿರುಗಿಸಿ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ವೇಗ ಏರುತ್ತ ಏರುತ್ತ ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ಗಾಳಿಯನ್ನು ಕಡಿಯಬೇಕು, ಇಲ್ಲವೆ ಕೈಯಿಂದ ಗೇರು ಹಾಕುವ ಗಾಡಿಯಾದರೆ ಬ್ರೇಕನ್ನು ಬಲವಾಗಿ ತುಳಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು ಎಂಜಿನ್ನಿನ ಉಸಿರು ಕಟ್ಟಿಸಬೇಕು. ಗಾಳಿಯ ಬಾಯಿಗೆ ಅಂಗೈಯನ್ನು ಒಡ್ಡಲು ಮಾತ್ರ ಯಾರೂ ಹೋಗಬಾರದು. ಅದರ ಹೀರಿಕೆ ಕೈಯನ್ನು ಬಿಡುವಂಥದಲ್ಲ. ಅಂದು ಶಿರಾಡಿಯಲ್ಲಿ ಇನ್ನೊಂದು ಮೈಲಿ ಏರಿದ್ದರೆ ಏನಾಗುತ್ತಿತ್ತೋ ಎಂದು ನೆನೆದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಉಸಿರನ್ನು ಕಟ್ಟಬಾರದು, ಬೀದಿಗೂ ಬಿಡಬಾರದು. ಸೋಸಿ ಒಳಕ್ಕೆ ಕಳಿಸಬೇಕು. ಆವಿ ಹೋಗುವ ದಾರಿಯಲ್ಲಿ ಅಂಕುಡೊಂಕಿನ ತಡೆಗಳನ್ನಿಟ್ಟರೆ ಹಗುರವಾದ ಅನಿಲ ತಿರುಗಿ ಮುಂದೆ ಹೋಗುತ್ತದೆ; ಭಾರವಾದ ಎಣ್ಣೆಯ ಹನಿ ತಿರುಗಲಾರದೆ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಟ್ಯಾಪೆಟ್ ಕವರಿನ ಒಳಗೇ ಈ ಏರ್ಪಾಡು ಅಡಗಿರುತ್ತದೆ. ಇನ್ನು ಕೆಲವರು ಹೊರಗೆ ಒಂದು ಡಬ್ಬಿಯನ್ನು ಕೂರಿಸಿ, ಅದರಲ್ಲಿ ನಾರಿನ ಸೋಸುಕವನ್ನಿಟ್ಟು ಮಂಜನ್ನು ಹನಿಗೂಡಿಸಿ ಹಿಡಿಯುತ್ತಾರೆ. ಭಾರಿ ಲಾರಿಗಳಲ್ಲಿ ಕಾಣುವ ಒಂದು ಉಪಾಯವಂತೂ ಹಾಸನದ ಡೈರಿಯನ್ನು ಬಲ್ಲವರಿಗೆ ಚಿರಪರಿಚಿತ. ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ 1878ರಲ್ಲಿ ಹಾಲನ್ನು ಗಿರಗಿರನೆ ಸುತ್ತಿಸಿ ಕೆನೆಯನ್ನು ಬೇರ್ಪಡಿಸುವ ಯಂತ್ರವನ್ನು ರೂಪಿಸಿದರು. ಆಮೇಲೆ ಅದರಲ್ಲಿ ಒಂದರ ಮೇಲೊಂದು ಪೇರಿಸಿದ ತೆಳು ಬಟ್ಟಲುಗಳು ಬಂದವು. ಅದೇ ತತ್ವದ ಬಟ್ಟಲುಗಳ ಪೇರಿಕೆ ಇಂದು ಕೆಲವು ಲಾರಿ ಎಂಜಿನ್ನುಗಳ ಹೊಟ್ಟೆಯಾವಿಯನ್ನು ಸುತ್ತಿಸಿ ಎಣ್ಣೆಯನ್ನು ಬೇರೆ ಮಾಡುತ್ತದೆ. ಹಾಲಿನಿಂದ ಕೆನೆ ತೆಗೆದ ಬುದ್ಧಿಯೇ ಹೊಗೆಯಿಂದ ಎಣ್ಣೆಯನ್ನೂ ತೆಗೆಯಿತು.

ಬೇಕಾದದ್ದನ್ನು ಉಳಿಸಿಕೊಂಡು ಬೇಡದ್ದನ್ನು ಹೊತ್ತಿಗೆ ಸರಿಯಾಗಿ ಹೊರಹಾಕುವ ಈ ವಿದ್ಯೆ ನಮ್ಮ ರೈತರಿಗೆ ಹೊಸತೇನಲ್ಲ. ಅರಕಲಗೂಡಿನ ಕಡೆ, ರಾಮನಾಥಪುರದ ಸುತ್ತ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳನ್ನು ನೀವು ನೋಡಿರಬಹುದು. ಎಲೆಯನ್ನು ಒಳಗೆ ತೂಗುಹಾಕಿ ಕಾವು ಕೊಟ್ಟಾಗ ಅದು ಬೆವರುತ್ತದೆ. ಮೊದಲು ಕಿಂಡಿಗಳನ್ನು ಮುಚ್ಚಿಟ್ಟು ಬಣ್ಣ ಬರಿಸುತ್ತಾರೆ. ಆಮೇಲೆ ಅಳತೆಯರಿತು ತೆರೆದು ತೇವವನ್ನು ಹೊರಗೆ ಬಿಡುತ್ತಾರೆ. ತೇವದ ಗಾಳಿ ಒಳಗೇ ನಿಂತರೆ ಚಿನ್ನದ ಬಣ್ಣದ ಎಲೆ ಕಂದಿಹೋಗುತ್ತದೆ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹಾಳು. ಕಿಂಡಿಯ ಮುಂದೆ ನಿದ್ದೆಗೆಟ್ಟು ಕೂತ ರೈತನ ಎಚ್ಚರವನ್ನು ಎಂಜಿನ್ನಿನಲ್ಲಿ ಬೆರಳುದ್ದದ ಒಂದು ಕವಾಟಕ್ಕೆ ಒಪ್ಪಿಸಿದ್ದೇವೆ. ಆ ಕವಾಟವನ್ನು ನೋಡಿಕೊಳ್ಳುವ ಎಚ್ಚರವಾದರೂ ನಮ್ಮಲ್ಲಿ ಉಳಿಯಬೇಡವೆ?

ನೋಡಿಕೊಳ್ಳುವುದು ಕಷ್ಟವೂ ಅಲ್ಲ. ಬ್ರೀದರಿನ ರಬ್ಬರು ಬಿರಿದಿದೆಯೆ, ಒಳಗೆ ಕಿಟ್ಟ ಕಟ್ಟಿದೆಯೆ ಎಂದು ಪ್ರತಿ ಸರ್ವಿಸಿನಲ್ಲೂ ನೋಡಿಸಬೇಕು. ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳವನ್ನು ಮೇಸ್ತ್ರಿಗಳು ತೆರೆದು ನೋಡುವುದು ಸುಮ್ಮನಲ್ಲ. ಅಲ್ಲಿಂದ ಹೊಗೆ ಗುಬುಗುಬು ಉಕ್ಕಿದರೆ ಉಂಗುರಗಳು ಸವೆದಿವೆ ಎಂದು, ಇಲ್ಲವೆ ಉಸಿರಿನ ದಾರಿ ಕಟ್ಟಿದೆ ಎಂದು ತಿಳಿಯಬೇಕು. ಎರಡನೆಯದಾಗಿದ್ದರೆ ಸಣ್ಣ ಖರ್ಚು. ಮೊದಲನೆಯದೆಂದು ತಪ್ಪು ತಿಳಿದು ಎಂಜಿನ್ನನ್ನೇ ಬಿಚ್ಚಿಸಿದವರುಂಟು. ಮಾಗಿಯ ಚಳಿಯಲ್ಲಿ ಮನೆಯಿಂದ ಬಸ್ ನಿಲ್ದಾಣದವರೆಗೆ ಮಾತ್ರ ಓಡಿಸುವ ಕಾರಿನ ಆ ಮುಚ್ಚಳದ ಒಳಗೆ ಮೊಸರಿನ ಕೆನೆಯಂಥ ಬಿಳಿಯ ಜಿಡ್ಡು ಕಾಣಬಹುದು. ಅದು ಎಣ್ಣೆಯೊಡನೆ ಬೆರೆತ ನೀರಾವಿ. ಎಂಜಿನ್ನು ಚೆನ್ನಾಗಿ ಕಾಯುವಷ್ಟು ದೂರ ಆಗಾಗ ಓಡಿಸಿದರೆ ಆರಿಹೋಗುತ್ತದೆ. ಓಡಿಸಿದ ಮೇಲೂ ಉಳಿದರೆ, ಅಥವಾ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಬೇರೆ ಕಾಯಿಲೆಯನ್ನು ಶಂಕಿಸಬೇಕು.

ಹೊರಗೆ ಡಬ್ಬಿ ಕೂರಿಸಿದವರಿಗೆ ಒಂದು ಮಾತು. ಡಬ್ಬಿ ಹಿಡಿಯುತ್ತದೆ, ಬರಿದು ಮಾಡಬೇಕಾದವರು ನಾವು. ತುಂಬಿದ ಡಬ್ಬಿ ಇಲ್ಲದ ಡಬ್ಬಿಗಿಂತ ಕೇಡು. ತಿರುವಿನಲ್ಲಿ ಗಾಡಿ ವಾಲಿದಾಗ ಅದರ ಎಣ್ಣೆ ಒಮ್ಮೆಗೇ ಗಾಳಿಯ ದಾರಿಗೆ ನುಗ್ಗಬಹುದು. ಅದರಲ್ಲಿ ಸಿಕ್ಕುವುದು ಎಣ್ಣೆ ಮಾತ್ರವಲ್ಲ; ನೀರು, ಇಂಧನ, ಆಮ್ಲಗಳು ಕೂಡಿದ ಕಲಸುಮೇಲೋಗರ. ಅದನ್ನು ಮತ್ತೆ ಎಂಜಿನ್ನಿಗೆ ಹೊಯ್ಯಬಾರದು. ಚರಂಡಿಗೂ ಹೊಯ್ಯಬಾರದು. ಊರಿನ ಚರಂಡಿ ಹಳ್ಳವನ್ನು ಸೇರುತ್ತದೆ, ಹಳ್ಳ ಹೊಳೆಯನ್ನು ಸೇರುತ್ತದೆ. ಹೇಮಾವತಿಯ ನೀರನ್ನು ಕುಡಿಯುವವರು, ಅದರಲ್ಲಿ ಗದ್ದೆ ಬೆಳೆಯುವವರು ನಾವೇ. ಹಳೆಯ ಎಂಜಿನ್ ಎಣ್ಣೆಯನ್ನು ಕೂಡಿಡುವ ವರ್ಕ್‌ಶಾಪಿಗೆ ಅದನ್ನು ಒಪ್ಪಿಸಬೇಕು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ಆರರ ನಿಯಮ ಬಂದಿದೆ. ಪೆಟ್ರೋಲ್ ಕಾರಿನ ಕ್ರ್ಯಾಂಕ್ ಕೇಸಿನ ಆವಿ ವಾಯುಮಂಡಲಕ್ಕೆ ಹೋಗಕೂಡದೆಂಬುದು ಅಂಥ ನಿಯಮಗಳ ಒಂದು ಭಾಗ. ಕಾರ್ಖಾನೆ ಆ ನಿಯಮವನ್ನು ಪಾಲಿಸಿ ಗಾಡಿಯನ್ನು ಕೊಡುತ್ತದೆ. ಆಮೇಲೆ ಒಂದು ಪೈಪನ್ನು ಕಿತ್ತು ನೆಲಕ್ಕೆ ತಿರುಗಿಸಲು ಒಂದು ಸ್ಕ್ರೂ ಡ್ರೈವರ್ ಸಾಕು. ಹಾಗೆ ಮಾಡುವವನಿಗೆ ತನ್ನ ಗಾಳಿಯ ಕೊಳವೆ ಒಣಗಿದ್ದು ಕಾಣುತ್ತದೆ. ಹಿಂದೆ ಬರುವ ಸೈಕಲ್ಲಿನವನ ಎದೆ ಕಾಣುವುದಿಲ್ಲ.

ನಮ್ಮ ಪರಿಚಿತರ ಗಾಡಿ ಸಕಲೇಶಪುರದಲ್ಲಿ ನಾಲ್ಕು ದಿನ ನಿಂತಿತು. ಎರಡು ಸೀಲುಗಳು, ಎಣ್ಣೆಯಲ್ಲಿ ನೆನೆದ ಕ್ಲಚ್ ಪ್ಲೇಟು, ಹೊಸ ಎಣ್ಣೆ, ಎಲ್ಲ ಸೇರಿ ಎರಡು ತಿಂಗಳ ಸಂಪಾದನೆಯನ್ನು ನುಂಗಿದವು. ಪೈಪು ತನ್ನ ಮೊದಲಿನ ಜಾಗಕ್ಕೆ ಮರಳಿತು. ನಡುವೆ ಎಣ್ಣೆಯನ್ನು ಸೋಸುವ ಡಬ್ಬಿ ಬಂತು. ಕಳೆದ ಸಲ ಅವರ ಮನೆಗೆ ಹೋದಾಗ ಅಂಗಳದಲ್ಲಿ ರಂಗೋಲಿ ಇತ್ತು, ಅದರ ಪಕ್ಕದಲ್ಲೇ ಗಾಡಿಯೂ ನಿಂತಿತ್ತು. ಮರದ ಬಿರಡೆಯನ್ನು ಯಜಮಾನರು ಎಸೆದಿಲ್ಲ. ಸ್ಟಿಯರಿಂಗಿನ ಮುಂದೆ, ದೇವರ ಪಟದ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಡಬ್ಬಿ ಬರಿದು ಮಾಡುವುದು ಅದನ್ನು ನೋಡಿದಾಗ ನೆನಪಾಗುತ್ತದಂತೆ.